ಚಕ್ರದ ಮೇಲಣ ಮನೆಗೆ ಎಷ್ಟು ಕುದುರೆ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹೇಳಿ ನಮ್ಮ ಹಿರಿಯರು ಸುಮ್ಮನಾದರು. ಕಟ್ಟಿದ ಮನೆಗೆ ಚಕ್ರಗಳನ್ನು ಜೋಡಿಸಿ, ಹಿತ್ತಿಲ ಕಡೆಗೊಂದು ಡೀಸೆಲ್ ಎಂಜಿನನ್ನು ಕೂರಿಸಿ, ಬೆಟ್ಟ ಹತ್ತಿಸಿ ಇಳಿಸುವವರ ಪಾಡೇನು ಎಂಬುದನ್ನು ಅವರು ಹೇಳಿಲ್ಲ. ಅಂಥದೊಂದು ಕಾಲ ಬಂದೀತೆಂದು ಅವರು ಎಣಿಸಿರಲಾರರು. ಅಮೆರಿಕೆಯಲ್ಲಂತೂ ಆ ಕಾಲ ಬಂದು ಬಹಳ ವರ್ಷಗಳಾದುವು. ಅಲ್ಲಿ ನಿವೃತ್ತರಾದ ದಂಪತಿಗಳು ಎಷ್ಟೋ ಮಂದಿ ಸ್ಥಾವರವಾದ ಮನೆಗೆ ಬೀಗ ಹಾಕಿ, ಜಂಗಮವಾದ ಮನೆಯೊಂದನ್ನು ಕೊಂಡು, ಕಾಡು ಕಡಲು ನೋಡುತ್ತ, ಮಕ್ಕಳ ಊರುಗಳನ್ನು ಸುತ್ತುತ್ತ ಕಾಲ ಕಳೆಯುತ್ತಾರೆ.

ಈ ಮೋಟಾರು ಮನೆಗಳಲ್ಲಿ ದೊಡ್ಡವು ನಮ್ಮ ದೂರಪ್ರಯಾಣದ ಬಸ್ಸುಗಳಷ್ಟೇ ಉದ್ದ. ಮೂವತ್ತು ಅಡಿಯಿಂದ ನಲವತ್ತೈದು ಅಡಿಯವರೆಗೆ ಇರುತ್ತವೆ. ಒಳಗೆ ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ ಎಲ್ಲವೂ ಉಂಟು. ಗಾಡಿ ನಿಂತ ಮೇಲೆ ಗುಂಡಿಯೊತ್ತಿದರೆ ಗೋಡೆಗಳೇ ಮೇಜಿನ ಸೆಳೆಖಾನೆಯಂತೆ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆ. ಎಂಜಿನು ಹಿಂಬದಿಯಲ್ಲಿದ್ದು ಗಾಡಿಯನ್ನು ಹಿಂದಿನಿಂದ ತಳ್ಳುವುದರಿಂದ ಇಂಥ ಡೀಸೆಲ್ ಗಾಡಿಗಳಿಗೆ ಆ ನಾಡಿನಲ್ಲಿ ‘ಪುಷರ್’ ಎಂದೇ ಹೆಸರು.

2018ರ ಬೇಸಗೆಯಲ್ಲಿ ನಾನು ಕೊಲರಾಡೊ ರಾಜ್ಯದ ಡೆನ್ವರ್ ನಗರದ ಬಳಿಯಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ನನ್ನ ಜೀವಮಾನದ ಹೆಚ್ಚಿನ ಭಾಗ ಕಳೆದದ್ದು ಬಸ್ ಡಿಪೋದ ವರ್ಕ್‌ಷಾಪಿನಲ್ಲಿ, ಡೀಸೆಲ್ ಎಂಜಿನುಗಳ ನಡುವೆ. ಈ ಸಂಗತಿಯನ್ನು ನನ್ನ ತಂಗಿಯ ಯಜಮಾನರಾದ ರಾಯರು ಮರೆತಿರಲಿಲ್ಲ. ನಾನು ಬಂದಿಳಿದ ಮರುದಿನವೇ, ಕಾಫಿಯ ಲೋಟವನ್ನು ಕೈಗಿತ್ತು, “ಭಾವ, ನೀವು ಬಂದದ್ದು ಒಳ್ಳೆಯದಾಯಿತು. ನಮಗೊಂದು ಎಂಜಿನನ್ನು ಆರಿಸಿಕೊಡಬೇಕು” ಎಂದರು. ಜೊತೆಗೊಂದು ಮನೆಯೂ ಬರುವುದೆಂಬುದು ಆಮೇಲೆ ತಿಳಿಯಿತು.

ಅವರ ಮಗನಿರುವುದು ಸಿಯಾಟಲಿನಲ್ಲಿ, ಮಗಳು ಅಟ್ಲಾಂಟದಲ್ಲಿ. ನಡುವೆ ಇಡೀ ಒಂದು ಖಂಡ. ಮೂವತ್ತು ವರ್ಷ ಬಾಳಿದ ಮನೆಯನ್ನು ಬಾಡಿಗೆಗೆ ಕೊಟ್ಟು, ಎರಡು ವರ್ಷ ಹಾದಿಯ ಮೇಲೆಯೇ ಬದುಕುವುದೆಂದು ಅವರಿಬ್ಬರೂ ನಿಶ್ಚಯಿಸಿದ್ದರು. ತಂಗಿಯ ಆಸೆ ಬೇರೆ ಬಗೆಯದು. “ಅಣ್ಣಯ್ಯ, ಮಗಳ ಮನೆಗೆ ಹೋದರೆ ಎಂಟು ದಿನ ಅತಿಥಿ, ಒಂಬತ್ತನೆಯ ದಿನ ಸಂಕೋಚ. ಅವಳ ಮನೆಯ ಪಕ್ಕದಲ್ಲಿ ನನ್ನದೇ ಒಂದು ಅಡಿಗೆಮನೆ ನಿಂತಿದ್ದರೆ ಆ ಮಾತೇ ಬೇರೆ” ಎಂದಳು. ರಾಯರ ಆಸೆಯನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು: “ಜೀವಮಾನವೆಲ್ಲ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಕಳೆದೆ ಭಾವ. ಒಂದು ಸಲವಾದರೂ ಕಾಲಿಟ್ಟ ಕೂಡಲೇ ನುಗ್ಗುವ ಗಾಡಿ ಬೇಡವೇ?” ಆ ಆಸೆಗೆ ಅವರು ತೊಡಗಿಸಲಿದ್ದುದು ನಿವೃತ್ತಿಯ ಹಣದ ಬಹುಪಾಲನ್ನು. ಅದೂ ಅಲ್ಲದೆ, ಕಣ್ಣಿನ ತೊಂದರೆಯ ದೆಸೆಯಿಂದ ಕತ್ತಲಾದ ಮೇಲೆ ಗಾಡಿ ನಡೆಸಕೂಡದೆಂದು ವೈದ್ಯರು ರಾಯರಿಗೆ ಹೇಳಿದ್ದರು. ಅಂದರೆ ಅರ್ಧ ದಾರಿ ನಡೆಸಬೇಕಾದವಳು ನನ್ನ ತಂಗಿ.

ಅವರು ಗುರುತು ಹಾಕಿಟ್ಟುಕೊಂಡಿದ್ದ ಗಾಡಿಗಳು ಮೂರು. ಮೂರೂ ಒಬ್ಬರು ಬಳಸಿ ಬಿಟ್ಟವು. ಮೊದಲನೆಯದು 34 ಅಡಿಯದು, ಅದರಲ್ಲಿ 6.7 ಲೀಟರಿನ, 340 ಅಶ್ವಶಕ್ತಿಯ ಎಂಜಿನು. ಎರಡನೆಯದು 36 ಅಡಿಯದು, 8.9 ಲೀಟರು, 400 ಅಶ್ವಶಕ್ತಿ. ಮೂರನೆಯದು 45 ಅಡಿಯ ಅರಮನೆ. 15 ಲೀಟರು, 600 ಅಶ್ವಶಕ್ತಿ. ಮೂರೂ ಕಮಿನ್ಸ್ ಕಂಪೆನಿಯ ಎಂಜಿನುಗಳೇ. 1919ರಲ್ಲಿ ಇಂಡಿಯಾನ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ ಹುಟ್ಟಿದ ಈ ಕಂಪೆನಿ 1962ರಲ್ಲಿ ಕಿರ್ಲೋಸ್ಕರರ ಜೊತೆಗೂಡಿ ಪುಣೆಯಲ್ಲಿಯೂ ನೆಲೆಯೂರಿದ್ದರಿಂದ ಆ ಹೆಸರು ನನ್ನ ಕಿವಿಗೆ ಹೊಸದಾಗಿರಲಿಲ್ಲ.

ರಾಯರ ಕಣ್ಣು ಸಹಜವಾಗಿಯೇ ಅರಮನೆಯ ಮೇಲಿತ್ತು. ಆರುನೂರು ಕುದುರೆಗಳೆಂದರೆ ಸಾಮಾನ್ಯವೇ? ಹಿಂದಿನ ಕಾಲದಲ್ಲಿ ಸಣ್ಣದೊಂದು ಸೈನ್ಯವೇ ಆಯಿತು. ಆದರೆ ಕುದುರೆಗಳನ್ನು ಎಣಿಸಿದವರು ಅವು ಎಳೆಯುವ ಹೊರೆಯನ್ನೂ ತೂಗಬೇಕಲ್ಲವೆ? ನಾನು ಕಾಗದ, ಪೆನ್ಸಿಲು ತೆಗೆದುಕೊಂಡು ಕುಳಿತೆ.

ಆ ನಾಡಿನ ಅಂತರರಾಜ್ಯ ಹೆದ್ದಾರಿಗಳಲ್ಲಿ ಬೆಟ್ಟಗಳಿರುವೆಡೆ ನೂರಕ್ಕೆ ಆರರ ಏರು ಸಾಮಾನ್ಯ. ಎಂದರೆ ನೂರು ಅಡಿ ಮುಂದೆ ಹೋದರೆ ಆರು ಅಡಿ ಮೇಲಕ್ಕೆ ಹತ್ತಿದಂತೆ. ಇಂಥ ಏರಿನಲ್ಲಿ ಗಂಟೆಗೆ 70 ಕಿಲೋಮೀಟರಿನಂತೆ ಹೋಗಬೇಕಾದರೆ, ಪ್ರತಿಯೊಂದು ಟನ್ನು ತೂಕವನ್ನು ಮೇಲಕ್ಕೆತ್ತುವುದಕ್ಕೇ ಸುಮಾರು 15 ಅಶ್ವಶಕ್ತಿ ಬೇಕು. ಗಾಲಿಗಳ ಉರುಳುವಿಕೆಗೆ ಇನ್ನಷ್ಟು, ಎದುರುಗಾಳಿಗೆ ಇನ್ನಷ್ಟು. ಗೇರುಗಳಲ್ಲಿಯೂ ತಂಪುಗೊಳಿಸುವ ಬೀಸಣಿಗೆಯಲ್ಲಿಯೂ ಎಂಜಿನಿನ ಶಕ್ತಿಯ ಐದನೆಯ ಒಂದು ಪಾಲು ಕಳೆದುಹೋಗುವುದೆಂದು ಇಟ್ಟುಕೊಳ್ಳೋಣ. ಈ ಲೆಕ್ಕದಂತೆ ಟನ್ನಿಗೆ 25 ಅಶ್ವಶಕ್ತಿಯಿದ್ದರೆ ಆ ವೇಗ ದೊರೆಯುತ್ತದೆ.

ಈಗ ಮೂರು ಗಾಡಿಗಳನ್ನು ನೋಡಿ. ಸಾಮಾನು, ನೀರು, ಹಿಂದೆ ಕಟ್ಟಿ ಎಳೆಯುವ ಚಿಕ್ಕ ಕಾರು ಎಲ್ಲ ಸೇರಿ ಮೊದಲನೆಯದು ಹದಿಮೂರೂವರೆ ಟನ್ನು. 340ನ್ನು ಭಾಗಿಸಿದರೆ ಟನ್ನಿಗೆ 25. ಎರಡನೆಯದು ಹದಿನಾರು ಟನ್ನು, ಟನ್ನಿಗೆ 25. ಅರಮನೆ ಇಪ್ಪತ್ತಾರು ಟನ್ನು; ಟನ್ನಿಗೆ 23! ಮೂರೂ ಒಂದೇ ಬೆಟ್ಟವನ್ನು ಹೆಚ್ಚುಕಡಮೆ ಒಂದೇ ವೇಗದಲ್ಲಿ, ಗಂಟೆಗೆ ಎಪ್ಪತ್ತರ ಆಸುಪಾಸಿನಲ್ಲಿ ಹತ್ತುತ್ತವೆ. ದೊಡ್ಡ ಎಂಜಿನಿಗೆ ಕೊಟ್ಟ ಹಣದಿಂದ ವೇಗವನ್ನು ಕೊಂಡಂತಾಗಲಿಲ್ಲ. ಅಮೃತಶಿಲೆಯ ನೆಲವನ್ನೂ ಇನ್ನೊಂದು ಬಚ್ಚಲನ್ನೂ ಕೊಂಡಂತಾಯಿತು. ಆರುನೂರು ಕುದುರೆಗಳು ಆ ಬಚ್ಚಲನ್ನು ಹೊರುವುದಕ್ಕೇ ಸರಿ.

ರಾಯರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸಮತಟ್ಟಾದ ರಸ್ತೆಯಲ್ಲಿ?” ಎಂದರು. ಅಲ್ಲಿಯ ಲೆಕ್ಕ ಇನ್ನೂ ವಿನೋದವಾದದ್ದು. ಸಮತಟ್ಟಿನಲ್ಲಿ ಗಂಟೆಗೆ ನೂರು ಕಿಲೋಮೀಟರಿನಂತೆ ಓಡುವುದಕ್ಕೆ ಚಿಕ್ಕ ಗಾಡಿಗೆ ಚಕ್ರದ ಬಳಿ ಬೇಕಾದದ್ದು 120ರಿಂದ 130 ಅಶ್ವಶಕ್ತಿ ಮಾತ್ರ. ಉಳಿದ ಕುದುರೆಗಳು ಲಾಯದಲ್ಲಿ ಹುಲ್ಲು ಮೇಯುತ್ತ ನಿಂತಿರುತ್ತವೆ. ವರ್ಷದಲ್ಲಿ ಬಹುಪಾಲು ದಿನ ನಿಲ್ಲುವ ಕುದುರೆಗಳಿಗೂ ಮೇವು ತಪ್ಪಿದ್ದಲ್ಲ. ಹದಿನೈದು ಲೀಟರಿನ ಎಂಜಿನಿಗೆ ಒಂದು ಸಲ ಎಣ್ಣೆ ಬದಲಿಸಬೇಕಾದರೆ ನಲವತ್ತು ಲೀಟರು ಎಣ್ಣೆ ಬೇಕು. ಅರಮನೆಗೆ ಆರಲ್ಲ, ಎಂಟು ಟಯರು. ಹಳೆಯ ಕಾಲದ ವನಧಾಮಗಳ ಬಿಡಾರದ ಜಾಗಗಳಲ್ಲಿ ಅಷ್ಟುದ್ದದ ಗಾಡಿಗೆ ಎಡೆಯೇ ಇಲ್ಲ. ಮಗಳ ಮನೆಯ ಪಕ್ಕದಲ್ಲಿ ನಿಲ್ಲಿಸುವ ಮಾತಂತೂ ದೂರವೇ ಉಳಿಯಿತು. ಇಷ್ಟಾದ ಮೇಲೆ ಅರಮನೆ ಪಟ್ಟಿಯಿಂದ ಬಿದ್ದುಹೋಯಿತು. ರಾಯರು ಅಂದು ಸಂಜೆ ಹೆಚ್ಚು ಮಾತನಾಡಲಿಲ್ಲ.

ಉಳಿದ ಎರಡರಲ್ಲಿ ಯಾವುದು? ಎರಡಕ್ಕೂ ಆರಾರು ಸಿಲಿಂಡರುಗಳೇ. ಅಶ್ವಶಕ್ತಿಯೆಂಬುದು ಒಂದು ನಿಮಿಷದಲ್ಲಿ ಎಷ್ಟು ಕೆಲಸ ನಡೆಯಿತೆಂಬುದರ ಅಳತೆ. ಟಾರ್ಕ್ ಎಂಬುದು ದಂಡವನ್ನು ತಿರುಚುವ ಬಲದ ಅಳತೆ. ಅಮ್ಮಂದಿರು ಒರಳಿನಲ್ಲಿ ಹಿಟ್ಟು ರುಬ್ಬುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತೋಳು ಬಲವಾಗಿದ್ದವಳು ನಿಧಾನವಾಗಿ ತಿರುಗಿಸಿದರೂ ಹಿಟ್ಟು ನುಣ್ಣಗಾಗುತ್ತದೆ. ತೋಳು ಸಣ್ಣದಾದವಳು ಅದೇ ಕೆಲಸಕ್ಕೆ ಬೇಗಬೇಗ ತಿರುಗಿಸಬೇಕು. ಮೋಟಾರು ಮನೆಗಳಲ್ಲಿ ಕೂರಿಸುವ 6.7 ಲೀಟರಿನ ಎಂಜಿನು ಹೆಚ್ಚೆಂದರೆ 800 ಅಡಿ-ಪೌಂಡಿನಷ್ಟು ಟಾರ್ಕ್ ಕೊಡುತ್ತದೆ; 8.9 ಲೀಟರಿನದು 1200ರವರೆಗೂ ಅದಕ್ಕೆ ಮೇಲಕ್ಕೂ ಹೋಗುತ್ತದೆ. ಬೆಟ್ಟದಲ್ಲಿ ಚಿಕ್ಕದು ಕೆಳಗಿನ ಗೇರಿಗಿಳಿದು ಕೂಗಿಕೊಳ್ಳುತ್ತ ಹತ್ತುತ್ತದೆ. ದೊಡ್ಡದು ಗೊಣಗುತ್ತ ಹತ್ತುತ್ತದೆ. ಕೂಗುವ ಎಂಜಿನಿಗೆ ಕೇಡಿದೆಯೆಂದಲ್ಲ. ಮೇಲಿನ ಗೇರನ್ನೇ ಹಿಡಿದುಕೊಂಡು, ನಿಧಾನವಾಗಿ ತಿರುಗುವ ಎಂಜಿನಿಗೆ ಪೂರ್ತಿ ಎಣ್ಣೆಯೂಡುವುದೇ ನಿಜವಾದ ಕೇಡು. ಆಗ ತಂಪು ನೀರಿನ ಹರಿವು ಕಡಮೆಯಾಗಿ ಬಿಸಿ ಏರುತ್ತದೆ. ಅದರಲ್ಲಿಯೂ ರೇಡಿಯೇಟರು ಹಿಂಬದಿಯಲ್ಲಿರುವ ಹಳೆಯ ಗಾಡಿಗಳಲ್ಲಿ ರಸ್ತೆಯ ಧೂಳೂ ಎಂಜಿನಿನ ಎಣ್ಣೆಯ ಆವಿಯೂ ಸೇರಿ ಅದರ ಸಂದುಗಳನ್ನು ಕಟ್ಟಿಬಿಡುವುದುಂಟು. ಕೊಳ್ಳುವ ಮೊದಲು ಬೆಳಕು ಬಿಟ್ಟು ನೋಡಬೇಕಾದ ಸ್ಥಳವದು.

ಕಾಗದದ ಲೆಕ್ಕವನ್ನು ಬೆಟ್ಟದ ಮೇಲೆ ತಾಳೆನೋಡದೆ ನನಗೆ ಸಮಾಧಾನವಿರಲಿಲ್ಲ. ಡೆನ್ವರ್ ನಗರವಿರುವುದೇ 5280 ಅಡಿ ಎತ್ತರದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ 70ನೆಯ ಅಂತರರಾಜ್ಯ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11,158 ಅಡಿಗೇರುತ್ತದೆ. 1973ರಲ್ಲಿ ತೆರೆದ ಆ ಸುರಂಗದ ಬಳಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರರಲ್ಲಿ ಎರಡು ಪಾಲು ಮಾತ್ರ. ಸಾಧಾರಣ ಪೆಟ್ರೋಲ್ ಎಂಜಿನು ಅಲ್ಲಿ ತನ್ನ ಶಕ್ತಿಯ ಮೂರನೆಯ ಒಂದು ಪಾಲನ್ನು ಕಳೆದುಕೊಂಡು ಏದುಸಿರು ಬಿಡುತ್ತದೆ. ಡೀಸೆಲ್ ಎಂಜಿನಿಗೆ ಟರ್ಬೊ ಎಂಬ ತಿದಿಯಿದೆ. ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒಳಕ್ಕೆ ಅದುಮುವುದರಿಂದ ಅದಕ್ಕೆ ಎತ್ತರದ ಬಾಧೆ ಅಷ್ಟಾಗಿ ತಟ್ಟುವುದಿಲ್ಲ.

ಚಿಕ್ಕ ಗಾಡಿಯ ಒಡೆಯರು ಸಜ್ಜನರು. ನಮ್ಮನ್ನು ಸುರಂಗದವರೆಗೆ ಕರೆದೊಯ್ಯಲು ಒಪ್ಪಿದರು. ಹೊರಡುವ ಮೊದಲು ನಾನು, “ನೀರಿನ ತೊಟ್ಟಿಯನ್ನು ತುಂಬಿಸಿ” ಎಂದೆ. ಅವರಿಗೆ ಆಶ್ಚರ್ಯವಾಯಿತು. ಬರಿಯ ಗಾಡಿಯನ್ನು ಹತ್ತಿಸಿ ಮೆಚ್ಚಿಕೊಳ್ಳುವುದು ಹೆಣ್ಣಿನ ಕಡೆಯವರು ವರನನ್ನು ಮದುವೆಯ ಮಂಟಪದಲ್ಲಿ ಕಂಡು ಮೆಚ್ಚಿಕೊಂಡಂತೆಯೇ ಸರಿ. ಸಂಸಾರದ ಭಾರ ಬಿದ್ದ ಮೇಲೆ ಹೇಗೆಂಬುದಲ್ಲವೆ ಮುಖ್ಯ? ನೂರು ಗ್ಯಾಲನ್ನಿನ ತೊಟ್ಟಿಯೊಂದೇ 378 ಕಿಲೋ. ಅಷ್ಟೇ ಗ್ಯಾಲನ್ನು ಡೀಸೆಲ್ ಸುಮಾರು 320 ಕಿಲೋ. ತುಂಬಿದ ಗಾಡಿ ಸುರಂಗದ ಏರನ್ನು ನನ್ನ ಲೆಕ್ಕದ ವೇಗದಲ್ಲಿಯೇ, ಬಿಸಿಯ ಮುಳ್ಳು ಗೆರೆ ದಾಟದಂತೆ ಹತ್ತಿತು. ರಾಯರ ಮುಖ ಅರಳಿತು.

ತಂಗಿ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು. “ಹತ್ತಿದ್ದಾಯಿತು ಅಣ್ಣಯ್ಯ. ಇಳಿಯುವುದು ಹೇಗೆ?” ಎಂದಳು.

ಇಡೀ ವಿಚಾರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ ಎಂದು ನನಗೆ ಈಗಲೂ ತೋರುತ್ತದೆ. ಬೆಟ್ಟ ಹತ್ತುವಾಗ ಎಂಜಿನು ಸಾಲದೆ ಬಂದರೆ ಹೊತ್ತಾಗುತ್ತದೆ, ಅಷ್ಟೆ. ಇಳಿಯುವಾಗ ಸಾಲದೆ ಬಂದರೆ ಜೀವಕ್ಕೇ ಮುಟ್ಟುತ್ತದೆ. ಹದಿನಾರು ಟನ್ನಿನ ಗಾಡಿ ನೂರಕ್ಕೆ ಆರರ ಇಳಿಜಾರಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರಿನಂತೆ ಇಳಿಯುವಾಗ, ಗಾಳಿಯ ತಡೆಯನ್ನೂ ಗಾಲಿಯ ತಡೆಯನ್ನೂ ಕಳೆದ ಮೇಲೆ ಉಳಿಯುವ ಶಕ್ತಿ ಸುಮಾರು 125 ಕಿಲೋವಾಟು. ನಮ್ಮ ಬಚ್ಚಲುಮನೆಗಳ ಎರಡು ಕಿಲೋವಾಟಿನ ಗೀಸರುಗಳನ್ನು ಅರವತ್ತರಷ್ಟು ಒಟ್ಟಿಗೇ ಹೊತ್ತಿಸಿದಂತೆ! ಅಷ್ಟು ಶಾಖವನ್ನೂ ಬ್ರೇಕುಗಳೇ ನುಂಗಬೇಕೆಂದರೆ ಕೆಲವೇ ಮೈಲಿಗಳಲ್ಲಿ ಅವು ಕಾದು, ಹಿಡಿತ ಬಿಟ್ಟು ಹೋಗುತ್ತವೆ. ಅದಕ್ಕಾಗಿಯೇ ಆ ಹೆದ್ದಾರಿಯ ಪಕ್ಕದಲ್ಲಿ, ಹಿಡಿತ ತಪ್ಪಿದ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿಕಲ್ಲಿನ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಡೆನ್ವರಿಗೆ ಮರಳುವ ದಾರಿಯಲ್ಲಿ, ಇಳಿಜಾರು ಮುಗಿಯಿತೆಂದು ಮೋಸಹೋಗಬೇಡಿ, ಇನ್ನೂ ಇದೆ ಎಂದು ಲಾರಿಯವರನ್ನು ಎಚ್ಚರಿಸುವ ಫಲಕವೂ ಉಂಟು. ತಂಗಿ ಅದನ್ನು ಮೌನವಾಗಿ ಓದಿಕೊಂಡಳು.

ಈ ಭಯವನ್ನು ಕಂಡುಂಡವರಲ್ಲಿ ಆ ಎಂಜಿನುಗಳ ಮೂಲಪುರುಷನಾದ ಕ್ಲೆಸಿ ಕಮಿನ್ಸನೂ ಒಬ್ಬ. 1931ರಲ್ಲಿ ಆತ ಡೀಸೆಲ್ ಲಾರಿಯೊಂದರಲ್ಲಿ ಇಬ್ಬರು ಸಂಗಡಿಗರೊಡನೆ ಅಮೆರಿಕೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುತ್ತಿದ್ದಾಗ, ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕುಗಳು ಕಾದು ಕೈಕೊಟ್ಟವು. ಕೆಳಗೆ ರಸ್ತೆಗಡ್ಡವಾಗಿ ಗೂಡ್ಸುಗಾಡಿಯೊಂದು ಹಾದುಹೋಗುತ್ತಿತ್ತು. ಅದರ ಕೊನೆಯ ಡಬ್ಬಿ ದಾಟಿದ್ದೂ ಲಾರಿ ಹಳಿಗಳನ್ನು ಹಾಯ್ದದ್ದೂ ಕೂದಲೆಳೆಯ ಅಂತರದಲ್ಲಿ. ಆ ಗಳಿಗೆಯನ್ನು ಆತ ಮರೆಯಲಿಲ್ಲ. ನಿವೃತ್ತನಾದ ಮೇಲೆ ಕುಳಿತು, ಎಂಜಿನನ್ನೇ ಬ್ರೇಕನ್ನಾಗಿ ಮಾಡುವ ಯುಕ್ತಿಯೊಂದನ್ನು ಹೊಸೆದ. ಡ್ರಿಲ್ಲಿನ ಚಕ್ಕುಗಳನ್ನು ಮಾಡುತ್ತಿದ್ದ ಜೇಕಬ್ಸ್ ಎಂಬ ಕಂಪೆನಿ 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ವರ್ಕ್‌ಷಾಪಿನಲ್ಲಿ ಆ ಚಕ್ಕುಗಳನ್ನು ಹಿಡಿದ ಕೈ ನನ್ನದು. ಅದೇ ಹೆಸರಿನ ಬ್ರೇಕು ಹುಟ್ಟಿದ ಕಥೆ ಇದೆಂದು ತಿಳಿದಾಗ ನನಗೆ ಹಳೆಯ ಗೆಳೆಯನ ಮನೆತನದ ಸುದ್ದಿ ಕೇಳಿದಂತಾಯಿತು.

ಆ ಯುಕ್ತಿ ಹೀಗಿದೆ: ಪಿಸ್ಟನ್ನು ಮೇಲೇರಿ ಗಾಳಿಯನ್ನು ಅದುಮುತ್ತದೆ. ಅದುಮುವುದಕ್ಕೆ ಶಕ್ತಿ ಬೇಕಷ್ಟೆ? ಆ ಶಕ್ತಿ ಇಳಿಯುವ ಗಾಡಿಯಿಂದಲೇ ಬರಬೇಕು. ಅದುಮಿದ ಗಾಳಿ ಪಿಸ್ಟನ್ನನ್ನು ಮತ್ತೆ ಕೆಳಕ್ಕೆ ತಳ್ಳಿ ಪಡೆದ ಸಾಲವನ್ನು ತೀರಿಸುವ ಮೊದಲೇ ಕವಾಟವನ್ನು ತೆರೆದು ಗಾಳಿಯನ್ನು ಹೊರಗೆ ಬಿಟ್ಟುಬಿಟ್ಟರೆ, ಗಾಡಿಯ ಶಕ್ತಿ ಅಷ್ಟೂ ಹೊಗೆಕೊಳವೆಯಲ್ಲಿ ಕಳೆದುಹೋಗುತ್ತದೆ. ಸಿಲಿಂಡರು ದೊಡ್ಡದಾದಷ್ಟೂ ತಡೆ ಹೆಚ್ಚು. ಮೋಟಾರು ಮನೆಗಳಲ್ಲಿ ಸಾಮಾನ್ಯವಾಗಿ ಈ ಬಗೆಯ ಬ್ರೇಕು ದೊರೆಯುವುದು 8.9 ಲೀಟರಿನಂಥ ದೊಡ್ಡ ಎಂಜಿನುಗಳಿಗೆ. 6.7 ಲೀಟರಿನದಕ್ಕೆ ಹೊಗೆಯ ದಾರಿಯನ್ನು ಕಿರಿದುಗೊಳಿಸಿ ತಡೆಯುವ ಬ್ರೇಕು. ಅದೂ ಒಳ್ಳೆಯದೇ, ಆದರೆ ಬಲದಲ್ಲಿ ಇದಕ್ಕೆ ಸಮನಲ್ಲ.

ಚಿಕ್ಕ ಗಾಡಿ ಇಳಿದು ಬರುವಾಗ ಒಡೆಯರು ಕಾಲಿನ ಬ್ರೇಕನ್ನು ಎಷ್ಟು ಸಲ ಒತ್ತಿದರೆಂಬುದನ್ನು ತಂಗಿ ಬೆರಳು ಮಡಿಚಿ ಎಣಿಸಿದ್ದಳು: ಹದಿನೇಳು. ಮಾರನೆಯ ವಾರ 36 ಅಡಿಯ ಗಾಡಿಯನ್ನು ಅದೇ ಬೆಟ್ಟದಿಂದ ಇಳಿಸಿದಾಗ ಮತ್ತೆ ಎಣಿಸಿದಳು: ಐದು. ಅಶ್ವಶಕ್ತಿ, ಟಾರ್ಕ್, ಲೀಟರು ಯಾವುದರ ಮಾತನ್ನೂ ಆಡದೆ ಅವಳು ಎಂಜಿನನ್ನು ಆರಿಸಿಯಾಗಿತ್ತು. ನಮ್ಮ ಡಿಪೋದ ಹಿರಿಯ ಚಾಲಕರು ಘಟ್ಟದ ದಾರಿಗೆ ಹೊಸಬರನ್ನು ಕಳುಹಿಸುವಾಗ ಹೇಳುತ್ತಿದ್ದ ಮಾತನ್ನು ನಾನು ಅವಳಿಗೆ ಹೇಳಿದೆ: “ಹತ್ತಿದ ಗೇರಿನಲ್ಲಿಯೇ ಇಳಿ, ಬೆಟ್ಟದ ನೆತ್ತಿಯ ಮೇಲೆಯೇ ನಿಧಾನವಾಗು, ನಡುವೆ ನಿಧಾನವಾಗುತ್ತೇನೆನ್ನಬೇಡ.”

ಎಂಜಿನಿನ ಆಯ್ಕೆ ಮುಗಿದರೂ ಲೆಕ್ಕ ಮುಗಿದಿರಲಿಲ್ಲ. ಟನ್ನಿಗೆ ಇಪ್ಪತ್ತೈದು ಎಂಬ ನನ್ನ ಎಣಿಕೆ ನಿಲ್ಲಬೇಕಾದರೆ ಹೊರೆ ಹದಿನಾರು ಟನ್ನನ್ನು ಮೀರಕೂಡದು. ಗಾಡಿಗೆ ಎಷ್ಟು ತೂಕ ಸಲ್ಲುವುದೆಂಬುದನ್ನು ಚಾಲಕನ ಬಳಿಯ ತಗಡಿನ ಮೇಲೆಯೇ ಬರೆದಿರುತ್ತಾರೆ; ಲಾರಿಗಳು ತಂಗುವ ಕಟ್ಟೆಗಳಲ್ಲಿ ಕೆಲವು ಡಾಲರು ಕೊಟ್ಟರೆ ಒಂದೊಂದು ಅಚ್ಚಿನ ತೂಕವನ್ನೂ ಬೇರೆಬೇರೆಯಾಗಿ ಅಳೆದು ಚೀಟಿ ಕೊಡುತ್ತಾರೆ. ಹಾಗಾಗಿ ಆ ಮನೆಯಲ್ಲಿ ಮೂರು ವಾರ ನಡೆದದ್ದು ತೂಕದ ಯಜ್ಞ. ಬಚ್ಚಲುಮನೆಯ ತಕ್ಕಡಿ ನಡುಮನೆಗೆ ಬಂತು. ರಾಯರ ಪುಸ್ತಕಗಳು ನಾಲ್ಕು ಪೆಟ್ಟಿಗೆ, 90 ಕಿಲೋ. ಹಿತ್ತಾಳೆಯ ಪಾತ್ರೆಗಳು, ಮೂವತ್ತು ವರ್ಷದ ಸೀರೆಗಳು, ಮಕ್ಕಳ ಶಾಲೆಯ ಬಹುಮಾನಗಳು, ಅತ್ತೆಯವರು ಊರಿನಿಂದ ಕಳುಹಿಸಿದ್ದ ಕಲ್ಲಿನ ರುಬ್ಬುಗುಂಡು.

ಒಂದೊಂದನ್ನೂ ತಕ್ಕಡಿಯ ಮೇಲಿಟ್ಟು, ತಂಗಿ ತೂಕವನ್ನು ಬರೆದುಕೊಂಡು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಬಲಕ್ಕೋ ಎಡಕ್ಕೋ ಇಡುತ್ತಿದ್ದಳು. ಬಲಕ್ಕಿಟ್ಟದ್ದು ಗಾಡಿಗೆ, ಎಡಕ್ಕಿಟ್ಟದ್ದು ಮಕ್ಕಳಿಗೆ, ನೆರೆಯವರಿಗೆ, ಅಟ್ಟಕ್ಕೆ. ದಿನಕಳೆದಂತೆ ಎಡಗಡೆಯ ರಾಶಿಯೇ ಬೆಳೆಯಿತು. ರುಬ್ಬುಗುಂಡು ಎರಡು ದಿನ ನಡುವಿನಲ್ಲಿಯೇ ಕುಳಿತಿತ್ತು. ಮೂರನೆಯ ದಿನ ರಾಯರು ತಮ್ಮ ಪುಸ್ತಕಗಳಲ್ಲಿ ಎರಡು ಪೆಟ್ಟಿಗೆಯನ್ನು ತಾವೇ ಎತ್ತಿ ಎಡಕ್ಕಿಟ್ಟು, ರುಬ್ಬುಗುಂಡನ್ನು ಬಲಕ್ಕೆ ಸರಿಸಿದರು. “ಆರುನೂರು ಕುದುರೆಗಳನ್ನೇ ಬಿಟ್ಟೆ, ಇದೆಷ್ಟರದು?” ಎಂದರು. ತಂಗಿ ಏನೂ ಹೇಳಲಿಲ್ಲ. ಅಂದು ರಾತ್ರಿ ಊಟಕ್ಕೆ ದೋಸೆಯಾಯಿತು.

ನಾನು ಊರಿಗೆ ಮರಳಿದ ಮೇಲೆ, ಸೆಪ್ಟೆಂಬರಿನಲ್ಲಿ ಅವರು ಹೊರಟರು. ಹೊರಟ ದಿನ ತೂಕದ ಕಟ್ಟೆಯ ಚೀಟಿಯ ಚಿತ್ರವನ್ನು ರಾಯರು ಫೋನಿಗೆ ಕಳುಹಿಸಿದ್ದರು: ಕಾರೂ ಸೇರಿ ಹದಿನೈದು ಟನ್ನು, ಎಂಟುನೂರು ಕಿಲೋ. ಎರಡು ದಿನಗಳಾದ ಮೇಲೆ ತಂಗಿಯ ಕರೆ ಬಂತು. ಸುರಂಗ ದಾಟಿ ಪಶ್ಚಿಮದ ಇಳಿಜಾರನ್ನು ಅವಳೇ ಇಳಿಸಿದಳಂತೆ. ಅಲ್ಲಿಯ ಇಳಿತ ನೂರಕ್ಕೆ ಏಳರ ಹತ್ತಿರ. “ನಿನ್ನ ಮಾತಿನಂತೆ ನೆತ್ತಿಯ ಮೇಲೆಯೇ ನಿಧಾನ ಮಾಡಿದೆ ಅಣ್ಣಯ್ಯ. ಹಿಂದೆ ಲಾರಿಯವರು ಸಾಲುಗಟ್ಟಿದರು. ಕಟ್ಟಲಿ ಎಂದುಕೊಂಡೆ” ಎಂದಳು. ಬ್ರೇಕನ್ನು ಎಷ್ಟು ಸಲ ಒತ್ತಿದೆಯಮ್ಮ ಎಂದು ಕೇಳಿದೆ. “ಮೂರು. ಅದರಲ್ಲಿ ಒಂದು ಸಲ ಜಿಂಕೆಗಾಗಿ.”

ಪಕ್ಕದಲ್ಲಿ ಕುಳಿತಿದ್ದ ರಾಯರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ವಿಚಾರಿಸಿದೆ. “ಇವರೇ? ಕಣ್ಣುಮುಚ್ಚಿಕೊಂಡು ಎಂಜಿನಿನ ಸದ್ದು ಕೇಳುತ್ತಿದ್ದರು. ನಾನೂರು ಸಾಕು ಎಂದರು” ಎಂದು ಹೇಳಿ ತಂಗಿ ನಕ್ಕಳು.